ಎರಡು ಚೆಸ್ ಎಂಜಿನ್‌ಗಳನ್ನು ಬೆಸೆಯುವಾಗ ಯಾವ ಸ್ಥಿತಿಯನ್ನು ಯಾವುದಕ್ಕೆ ಒಪ್ಪಿಸಬೇಕು?

ಚೆಸ್ ಆಡುವ ಪ್ರೋಗ್ರಾಂಗಳೇ ಎಂಜಿನ್‌ಗಳು. ನರಜಾಲದ (ಆಟಗಳಿಂದ ಕಲಿತ ಲೆಕ್ಕಾಚಾರದ) ಅಂದಾಜನ್ನು ನಂಬಿ ಕಡಿಮೆ ಸ್ಥಿತಿಗಳನ್ನು ನೋಡುವುದು ಲೀಲಾ, ಅಪಾರ ಸ್ಥಿತಿಗಳನ್ನು ವೇಗವಾಗಿ ಜಾಲಾಡುವುದು ಸ್ಟಾಕ್‌ಫಿಶ್. ಶಾಂತ ಸ್ಥಿತಿ ಲೀಲಾಗೆ, ಹೊಡೆದಾಟದ ಸ್ಥಿತಿ ಸ್ಟಾಕ್‌ಫಿಶ್‌ಗೆ, ಹಂಚುವ ಪ್ರೋಗ್ರಾಂ ನನ್ನದು ಎಂದಿದ್ದೀರಿ. 2019ರಲ್ಲಿ ನಾನೂ ಇದನ್ನೇ ಮಾಡಲು ಹೊರಟು ನಾಲ್ಕು ತಿಂಗಳ ರಾತ್ರಿಗಳನ್ನು ಕಳೆದುಕೊಂಡೆ.

ಎರಡು ಎಂಜಿನ್‌ಗಳ ನಡುವೆ ಕೂರಿಸಿದ ಪುಟ್ಟ ಪೈಥಾನ್ ಪ್ರೋಗ್ರಾಂಗೆ ಶಾನುಭೋಗ ಎಂದು ಹೆಸರಿಟ್ಟಿದ್ದೆ. ನಾವು ಆಡಬಹುದಾದ ಹೊಡೆತಗಳು ಮತ್ತು ಚೆಕ್‌ಗಳನ್ನು ಎಣಿಸುವುದು ಅದರ ಕೆಲಸ. ನಾಲ್ಕಕ್ಕಿಂತ ಕಡಿಮೆ ಇದ್ದರೆ ಲೀಲಾ, ಹೆಚ್ಚಿದ್ದರೆ ಸ್ಟಾಕ್‌ಫಿಶ್.

ಒಂದು ಆಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮದು ಕಪ್ಪು. ಎದುರಾಳಿಯ ಒಂಟೆ ಡಿ3ರಲ್ಲಿ, ಕುದುರೆ ಎಫ್3ರಲ್ಲಿ, ಕಾಲಾಳು ಇ5ರಲ್ಲಿ, ಮಂತ್ರಿ ಇನ್ನೂ ಮನೆಯಲ್ಲೇ. ಶಾನುಭೋಗ ಎಣಿಸಿದ: ಹೊಡೆತವಿಲ್ಲ, ಚೆಕ್ ಇಲ್ಲ, ಶಾಂತ. ಲೀಲಾಗೆ ವೇಗ ಕೊಡುವ ಗ್ರಾಫಿಕ್ಸ್ ಕಾರ್ಡ್ ನನ್ನ ಲ್ಯಾಪ್‌ಟಾಪ್‌ನಲ್ಲಿ ಇರಲಿಲ್ಲ. ಲೀಲಾ ಕೆಲವು ನೂರು ಸ್ಥಿತಿಗಳನ್ನಷ್ಟೇ ನೋಡಿ ಕ್ಯಾಸ್ಲಿಂಗ್ ಮಾಡಿತು, ಅಂದರೆ ಒಂದೇ ನಡೆಯಲ್ಲಿ ರಾಜನನ್ನು ಮೂಲೆಯತ್ತ ಸರಿಸಿ ಆನೆಯನ್ನು ಅವನ ಇನ್ನೊಂದು ಪಕ್ಕಕ್ಕೆ ತಂದಿತು. ಎಚ್7ರ ಕಾಲಾಳನ್ನು ಕಾಯುತ್ತಿದ್ದ ಆನೆ ಪಕ್ಕಕ್ಕೆ ಸರಿಯಿತು. ಒಂಟೆ ಎಚ್7ರ ಮೇಲೆ ಬಿತ್ತು, ರಾಜ ಅದನ್ನು ಹೊಡೆದ, ಕುದುರೆ ಜಿ5ಕ್ಕೆ ನೆಗೆದು ಚೆಕ್ ಕೊಟ್ಟಿತು, ಹಿಂದೆಯೇ ಮಂತ್ರಿ ಎಚ್5ಕ್ಕೆ ಬಂದ. ಈಗ ಶಾನುಭೋಗನಿಗೆ ಎಚ್ಚರವಾಗಿ ಸ್ಟಾಕ್‌ಫಿಶ್‌ನನ್ನು ಕರೆದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

ತಪ್ಪು ಮಿತಿಯದೆಂದು ನಂಬಿ ನಾಲ್ಕನ್ನು ಮೂರು ಮಾಡಿದೆ, ಮೂರನ್ನು ಎರಡು. ರಾಜನ ಸುತ್ತ ಎಷ್ಟು ಕಾಯಿಗಳಿವೆ ಎಂದೂ ಎಣಿಸಿದೆ. ಒಂದು ತೂತು ಮುಚ್ಚಿದರೆ ಇನ್ನೊಂದು ತೆರೆಯುತ್ತಿತ್ತು. ನಿಜವಾದ ತಪ್ಪು ಪ್ರಶ್ನೆಯನ್ನು ಕೇಳಿದ ಜಾಗದಲ್ಲಿತ್ತು. ಮುಂದಿನ ನಡೆಗಳೆಲ್ಲ ಕವಲೊಡೆಯುವ ಹುಡುಕಾಟವನ್ನು ಮರ ಎಂದುಕೊಂಡರೆ ಕಣ್ಣೆದುರಿನ ಹಲಗೆ ಅದರ ಬೇರು. ಹೊಡೆದಾಟ ಇರುವುದು ನಾಲ್ಕಾರು ನಡೆ ಆಚೆಯ ಎಲೆಗಳಲ್ಲಿ. ಸ್ಟಾಕ್‌ಫಿಶ್ ಕೂಡ "ಇದು ಶಾಂತವೇ?" ಎಂದು ಕೇಳುತ್ತದೆ, ಆದರೆ ಪ್ರತಿ ಕವಲಿನ ತುದಿಯಲ್ಲೂ ಕೇಳುತ್ತದೆ, ಅಲ್ಲಿ ಗದ್ದಲವಿದ್ದರೆ ಹೊಡೆತಗಳು ಮುಗಿಯುವವರೆಗೂ ಮುಂದುವರಿಯುತ್ತದೆ. ಕ್ವಿಯೆಸೆನ್ಸ್ ಹುಡುಕಾಟ ಎಂದರೆ ಇದೇ. ಅದು ಸೆಕೆಂಡಿಗೆ ಲಕ್ಷಾಂತರ ಸಲ ಕೇಳುವುದನ್ನು ನಾನು ನಡೆಗೊಮ್ಮೆ, ಬೇರಿನಲ್ಲಿ ಮಾತ್ರ ಕೇಳುತ್ತಿದ್ದೆ.

ಆದ್ದರಿಂದ ನಿಮ್ಮ ವಿಂಗಡಣೆಯನ್ನೇ ನಾನು ಒಪ್ಪುವುದಿಲ್ಲ. ಬೆಸುಗೆ ಆಗಬೇಕಾದದ್ದು ಎಲೆಯಲ್ಲಿ, ಅದು ಆಗಿಯೂ ಹೋಗಿದೆ. ಯೂ ನಾಸು 2018ರಲ್ಲಿ ಜಪಾನಿನ ಶೋಗಿ ಆಟಕ್ಕಾಗಿ ರೂಪಿಸಿದ ಎನ್‌ಎನ್‌ಯುಇ ಎಂಬ ಪುಟ್ಟ ನರಜಾಲ 2020ರ ಸೆಪ್ಟೆಂಬರ್‌ನಲ್ಲಿ ಸ್ಟಾಕ್‌ಫಿಶ್ 12ರೊಳಗೆ ಬಂತು. ಹುಡುಕಾಟ ಹಳೆಯ ಆಲ್ಫಾ-ಬೀಟಾ (ಕೆಲಸಕ್ಕೆ ಬಾರದ ಕವಲುಗಳನ್ನು ಕತ್ತರಿಸುವ ವಿಧಾನ), ಸ್ಥಾನದ ತೂಕ ಹೇಳುವುದು ನರಜಾಲ. ಮೊದಮೊದಲು ಅವರೂ ಹಂಚಿಕೆ ಇಟ್ಟುಕೊಂಡಿದ್ದರು: ಎರಡು ಪಕ್ಷಗಳ ಕಾಯಿಗಳ ಬಲದ ಅಂತರ ದೊಡ್ಡದಿದ್ದರೆ ಮನುಷ್ಯರೇ ಬರೆದ ಹಳೆಯ ಸೂತ್ರ, ಇಲ್ಲದಿದ್ದರೆ ಜಾಲ. 2024ರ 16.1ರಲ್ಲಿ ಆ ಸೂತ್ರವನ್ನೂ ಕಿತ್ತೆಸೆದರು.

ಜರ್ಮನಿಯ ಇಂಗೊ ಆಲ್ಟ್‌ಹೋಫರ್ 1985ರಿಂದಲೇ ಎರಡು ಪ್ರೋಗ್ರಾಂಗಳ ಸಲಹೆಯಲ್ಲಿ ಒಂದನ್ನು ಆರಿಸಿ ಆಡಿದ್ದರಲ್ಲ ಎನ್ನಬಹುದು. ಅಲ್ಲಿ ಆರಿಸುತ್ತಿದ್ದದ್ದು ಮನುಷ್ಯ, ಎಣಿಕೆ ಮಾಡುವ ಶಾನುಭೋಗನಲ್ಲ.

ಹಟ ಬಿಡುವುದಿಲ್ಲ ಎಂದಾದರೆ ಸ್ಥಿತಿ ಎಷ್ಟು ಒಳ್ಳೆಯದೆಂದು ಎರಡು ಎಂಜಿನ್‌ಗಳು ಕೊಡುವ ಅಂಕಗಳನ್ನು ಹೋಲಿಸಬೇಡಿ. ಅವು ಬೇರೆ ಬೇರೆ ದೇಶದ ನಾಣ್ಯಗಳು. ಲೀಲಾ ಹೇಳಿದ ನಡೆಯನ್ನು, ಹೇಳಿದ ನಡೆಯನ್ನಷ್ಟೇ ಪರೀಕ್ಷಿಸಲು ಹೇಳುವ ಸರ್ಚ್‌ಮೂವ್ಸ್ ಆದೇಶದ ಮೂಲಕ ಸ್ಟಾಕ್‌ಫಿಶ್‌ಗೇ ಕೊಡಿ, ಅದರ ಅಂಕವನ್ನು ಸ್ಟಾಕ್‌ಫಿಶ್‌ನ ಸ್ವಂತ ನಡೆಯ ಅಂಕದ ಪಕ್ಕದಲ್ಲಿಡಿ. ಅಂತರ ದೊಡ್ಡದಿದ್ದರೆ ಲೀಲಾಳ ಮಾತನ್ನು ತಳ್ಳಿಹಾಕಿ. ನನ್ನ ಕ್ಯಾಸ್ಲಿಂಗ್ ಇಷ್ಟರಿಂದಲೇ ತಪ್ಪುತ್ತಿತ್ತು.