ಅನಂತ ಶ್ರೇಣಿ, ಬಹುಚರ ಕಲನಶಾಸ್ತ್ರ ಎರಡೂ ಒಂದೇ ಸೆಮಿಸ್ಟರಿನಲ್ಲಿವೆ. ಯಾವುದಕ್ಕೆ ಹೆಚ್ಚು ಸಮಯ ಕೊಡಲಿ?

ಶ್ರೇಣಿಗೆ, ಅಂದರೆ ಸಂಖ್ಯೆಗಳನ್ನು ಕೊನೆಯಿಲ್ಲದೆ ಕೂಡುತ್ತಾ ಹೋಗುವ ಭಾಗಕ್ಕೆ ಕೊಡಿ. ಬಹುಚರದಲ್ಲಿ ಚರಗಳು ಒಂದಕ್ಕಿಂತ ಹೆಚ್ಚು; ಅದರ ಆಂಶಿಕ ಅವಕಲನ (ಒಂದೇ ಚರವನ್ನು ಬದಲಿಸಿ ಬದಲಾವಣೆಯ ದರ ನೋಡುವುದು), ದ್ವಿ ಅನುಕಲನ (ಎರಡು ಚರಗಳ ಮೇಲಿನ ಅನುಕಲನ) ಬಹುಪಾಲು ಪಿಯುಸಿ ಲೆಕ್ಕಗಳ ಮುಂದುವರಿಕೆ. ಮಾಡುತ್ತಾ ಹೋದರೆ ಕೈ ಪಳಗುತ್ತದೆ. ಶ್ರೇಣಿಯಲ್ಲಿ ಲೆಕ್ಕಕ್ಕಿಂತ ತರ್ಕ ಮುಖ್ಯ.

ಕೂಡುವ ಸಂಖ್ಯೆಗಳು, ಅಂದರೆ ಪದಗಳು, ಸೊನ್ನೆಯತ್ತ ಹೋದರೆ ಮೊತ್ತವೂ ಎಲ್ಲೋ ಒಂದು ಕಡೆ ನಿಲ್ಲುತ್ತದೆ ಅಂದುಕೊಂಡು ಹಲವರು ಎಡವುತ್ತಾರೆ. 1 + 1/2 + 1/3 + 1/4 + … ತೆಗೆದುಕೊಳ್ಳಿ. 1/3 + 1/4 ಅರ್ಧಕ್ಕಿಂತ ಹೆಚ್ಚು. 1/5ರಿಂದ 1/8ರವರೆಗಿನ ನಾಲ್ಕು ಪದ ಕೂಡಿದರೆ ಮತ್ತೆ ಅರ್ಧಕ್ಕಿಂತ ಹೆಚ್ಚು. ಮುಂದಿನ ಎಂಟು, ಆಮೇಲಿನ ಹದಿನಾರು ಪದಗಳದ್ದೂ ಇದೇ ಕಥೆ. ಹೀಗೆ ಅರ್ಧಗಳು ಬರುತ್ತಲೇ ಇರುವುದರಿಂದ ಮೊತ್ತ ಎಷ್ಟು ದೊಡ್ಡ ಸಂಖ್ಯೆಯನ್ನಾದರೂ ದಾಟುತ್ತದೆ. 14ನೇ ಶತಮಾನದಲ್ಲಿ ಫ್ರಾನ್ಸಿನ ನಿಕೋಲ್ ಒರೆಮ್ ಕೊಟ್ಟ ಗಣಿತದ ಪುರಾವೆ ಇದು, ನನಗಂತೂ ಬಲು ಪ್ರಿಯ. ಆದರೆ ಬೆಳವಣಿಗೆ ಬಹಳ ನಿಧಾನ: 10 ಲಕ್ಷ ಪದ ಕೂಡಿದರೂ ಮೊತ್ತ ಸುಮಾರು 14.39. ಕ್ಯಾಲ್ಕುಲೇಟರ್ ನಂಬಿದರೆ ಮೋಸ ಹೋಗುತ್ತೀರಿ.

ಬಹುಚರದಲ್ಲಿ ಲಿಮಿಟ್ (ಒಂದು ಬಿಂದುವಿನ ಹತ್ತಿರ ಹೋದಂತೆ ಬೆಲೆ ಸಮೀಪಿಸುವ ಸಂಖ್ಯೆ) ಒಂದನ್ನು ಮಾತ್ರ ಹಗುರವಾಗಿ ನೋಡಬೇಡಿ. ಎಕ್ಸ್, ವೈಗಳ ಗುಣಲಬ್ಧವನ್ನು ಅವುಗಳ ವರ್ಗಗಳ ಮೊತ್ತದಿಂದ ಭಾಗಿಸಿ. ಅಕ್ಷದ ಮೇಲೆ ಮೂಲಬಿಂದುವಿನತ್ತ ಬಂದರೆ 0 ಸಿಗುತ್ತದೆ, ಎಕ್ಸ್ ಮತ್ತು ವೈ ಸಮವಿರುವ ಗೆರೆಯ ಮೇಲೆ ಬಂದರೆ 1/2. ದಾರಿಗೊಂದು ಉತ್ತರ ಬಂದರೆ ಅಲ್ಲಿ ಲಿಮಿಟ್ ಇಲ್ಲ.