ಫಿಲ್ಟರ್ ತೆಗೆಸಲು ಕಾಲ ಮೀರಿತೇ?

ಪ್ರಶ್ನೆ: ಅಪಘಾತದ ನಂತರ ತಂದೆಯವರ ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮಿದುಳಿನಲ್ಲಿ ರಕ್ತಸ್ರಾವವಿದ್ದ ಕಾರಣ ರಕ್ತ ತೆಳುಗೊಳಿಸುವ ಔಷಧ ಕೊಡಲಾಗದೆ, ಹೆಪ್ಪು ಶ್ವಾಸಕೋಶಕ್ಕೆ ಹೋಗದಂತೆ ಹೊಟ್ಟೆಯ ದೊಡ್ಡ ಅಭಿಧಮನಿಯಲ್ಲಿ ತಾತ್ಕಾಲಿಕ ಫಿಲ್ಟರ್ ಇಟ್ಟರು. ಎರಡು ವರ್ಷಗಳಾದವು, ಆರೋಗ್ಯವಾಗಿದ್ದಾರೆ. ಈಗ ತೆಗೆಸುವುದು ಅಪಾಯವೆಂದು ಬಂಧುಗಳು ಹೇಳುತ್ತಿದ್ದಾರೆ. ಹಾಗೆಯೇ ಬಿಡಬಹುದೇ?

ಉತ್ತರ: ತೊಂದರೆಯಿಲ್ಲವೆಂಬುದು ಫಿಲ್ಟರ್ ಬಿಡಲು ಕಾರಣವಾಗದು. ತೆಗೆಯುವುದರ ಅಪಾಯವನ್ನು ಎಲ್ಲರೂ ಕೇಳುತ್ತಾರೆ, ಉಳಿಸಿಕೊಳ್ಳುವುದರ ಅಪಾಯವನ್ನು ಯಾರೂ ಕೇಳುವುದಿಲ್ಲ. ಶಾಶ್ವತ ಫಿಲ್ಟರ್‌ಗಳನ್ನು ಕುರಿತು ಫ್ರಾನ್ಸಿನಲ್ಲಿ 400 ರೋಗಿಗಳ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಪ್ರೆಪಿಕ್ ಅಧ್ಯಯನದಲ್ಲಿ, ಎರಡು ವರ್ಷಗಳೊಳಗೆ ಕಾಲಿನ ಹೆಪ್ಪು ಮರುಕಳಿಸಿದ್ದು ಫಿಲ್ಟರ್ ಇದ್ದವರಲ್ಲಿ ಸುಮಾರು ಶೇ 21, ಇಲ್ಲದವರಲ್ಲಿ ಸುಮಾರು ಶೇ 12. ಇದರೊಂದಿಗೆ ಫಿಲ್ಟರ್‌ನ ಕಾಲುಗಳು ನಾಳದ ಗೋಡೆಯನ್ನು ತೂರಬಹುದು, ಮುರಿದ ತುಂಡು ಹೃದಯದವರೆಗೂ ಸಾಗಬಹುದು. ಶ್ವಾಸಕೋಶಕ್ಕೆ ಹೆಪ್ಪು ಹೋಗುವ ಭಯ ಕಳೆದಿದ್ದರೆ ಇಟ್ಟ ಮೇಲೆ 29ರಿಂದ 54 ದಿನಗಳ ನಡುವೆ ತೆಗೆಯುವುದು ಹೆಚ್ಚು ಲಾಭಕರವೆಂದು ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2014ರಲ್ಲಿ ಹೇಳಿತು. ಅದನ್ನು ಕಡೆಯ ಗಡುವೆಂದು ಓದಿ ಕೈಬಿಡುವವರೂ ಇದ್ದಾರೆ, ಅದು ಗಡುವಲ್ಲ.

ಸಾಮಾನ್ಯವಾಗಿ ಕುತ್ತಿಗೆಯ ಅಭಿಧಮನಿಯ ಮೂಲಕ ಕೊಳವೆ ಇಳಿಸಿ, ಕುಣಿಕೆಯಿಂದ ಫಿಲ್ಟರ್‌ನ ಕೊಕ್ಕೆ ಹಿಡಿದು, ಕೊಡೆ ಮಡಚಿದಂತೆ ಅದನ್ನು ಕೊಳವೆಯೊಳಗೆ ಎಳೆಯುತ್ತೇವೆ. ಬಹುಪಾಲು ಮಂದಿ ಅದೇ ದಿನ ಮನೆಗೆ ಹೋಗುತ್ತಾರೆ. ಕಾಲ ಕಳೆದಂತೆ ಫಿಲ್ಟರ್ ವಾಲಬಹುದು, ಕೊಕ್ಕೆ ಗೋಡೆಯಲ್ಲಿ ಹುದುಗಬಹುದು. ಆಗ ವಿಶೇಷ ಇಕ್ಕಳವೋ ಲೇಸರ್ ಕೊಳವೆಯೋ ಬೇಕು. ಅಂತಹ ಕಠಿಣ ಪ್ರಕರಣಗಳಲ್ಲೂ ಪಳಗಿದ ಕೈಗಳಲ್ಲಿ ಯಶಸ್ಸು ಬಹಳ ಹೆಚ್ಚು. ಆದರೆ ನಾಳ ಹರಿದು ರಕ್ತಸ್ರಾವವಾಗುವ ಸಾಧ್ಯತೆ ಸುಲಭದ ಪ್ರಕರಣಗಳಿಗಿಂತ ಜಾಸ್ತಿ. ಆದ್ದರಿಂದ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿಸಿ, ಫಿಲ್ಟರ್‌ನಲ್ಲೇ ದೊಡ್ಡ ಹೆಪ್ಪು ಸಿಲುಕಿಲ್ಲವೆಂದು ಖಚಿತಪಡಿಸಿಕೊಂಡು, ಇಂತಹವನ್ನು ಆಗಾಗ ತೆಗೆಯುವ ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್ (ಸ್ಕ್ಯಾನ್ ಚಿತ್ರ ನೋಡುತ್ತಾ ನಾಳದ ಮೂಲಕ ಚಿಕಿತ್ಸೆ ಮಾಡುವ ತಜ್ಞ) ಬಳಿಗೇ ಹೋಗಿ. ಇಟ್ಟ ಫಿಲ್ಟರ್‌ನ ಹೆಸರಿರುವ ಡಿಸ್‌ಚಾರ್ಜ್ ಸಾರಾಂಶ ಜೊತೆಗಿರಲಿ. ಅದಿಲ್ಲದೆ ಬರುವವರೇ ಹೆಚ್ಚು. ಮೊದಲ ಯತ್ನದಲ್ಲಿ ಬಾರದಿದ್ದರೆ ಬಲವಂತಕ್ಕಿಳಿಯದೆ ನಿಲ್ಲಿಸುವ ವೈದ್ಯರನ್ನು ನಾನು ಹೆಚ್ಚು ನಂಬುತ್ತೇನೆ. ವಯಸ್ಸು ತೀರಾ ಹೆಚ್ಚಾಗಿ ಬೇರೆ ಗಂಭೀರ ಕಾಯಿಲೆಯಿದ್ದರೆ ಬಿಡುವುದೂ ಸರಿಯಾದ ತೀರ್ಮಾನವಾಗಬಹುದು.

ಪ್ರಶ್ನೆ: ಫಿಲ್ಟರ್ ಇದೆಯಲ್ಲ, ರಕ್ತ ತೆಳುಗೊಳಿಸುವ ಮಾತ್ರೆ ನಿಲ್ಲಿಸಬಹುದೇ?

ಉತ್ತರ: ಕೂಡದು, ಫಿಲ್ಟರ್ ಶ್ವಾಸಕೋಶದತ್ತ ಸಾಗುವ ಹೆಪ್ಪನ್ನು ದಾರಿಯಲ್ಲಿ ತಡೆಯುತ್ತದೆ, ಹೊಸದಾಗಿ ಹೆಪ್ಪುಗಟ್ಟುವುದನ್ನು ನಿಲ್ಲಿಸುವುದಿಲ್ಲ.

ಪ್ರಶ್ನೆ: ಬೆಳ್ಳುಳ್ಳಿ ಕಷಾಯ, ಎಣ್ಣೆ ತಿಕ್ಕಿಸುವುದರಿಂದ ಹೆಪ್ಪು ಕರಗುತ್ತದಂತೆ?

ಉತ್ತರ: ಕರಗುವುದಿಲ್ಲ. ಕಷಾಯವು ರಕ್ತ ತೆಳುಗೊಳಿಸುವ ಮಾತ್ರೆಯೊಡನೆ ಸೇರಿ ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು. ಹೊಸ ಹೆಪ್ಪಿರುವ ಕಾಲನ್ನು ತಿಕ್ಕಿದರೆ ಅದು ಕಳಚಿ ಶ್ವಾಸಕೋಶ ಸೇರಬಹುದು. ಹಾಗೆ ತಿಕ್ಕಿ ಹಣ ಪಡೆಯುವವರನ್ನು ಮನೆಯೊಳಗೆ ಬಿಡಬೇಡಿ.