ಅದು ಮರಕುಟಿಗವಲ್ಲ, ಕುಟ್ರು

ಮಲ್ಲೇಶ್ವರದ ಓದುಗರೊಬ್ಬರ ಪತ್ರ: ‘ಸಂಕ್ರಾಂತಿಯ ಮರುದಿನದಿಂದ ಮನೆ ಮುಂದಿನ ಗುಲ್‌ಮೊಹರ್‌ನ ಒಣಕೊಂಬೆಯನ್ನು ಹಸಿರು ಮರಕುಟಿಗವೊಂದು ಕೊರೆಯುತ್ತಿದೆ. ತಲೆ ಕಂದು, ಕಣ್ಣ ಕೆಳಗೆ ಬಿಳಿ ಪಟ್ಟೆ. ಬೆಳಗಾದರೆ ಕಿವಿ ಚಿಟ್ಟುಹಿಡಿಸುವ ಕೂಗು. ಮರ ಸತ್ತೀತೆಂದು ನಮ್ಮ ಯಜಮಾನರು ಕೊಂಬೆ ಕಡಿಸಲು ಆಳು ಹುಡುಕುತ್ತಿದ್ದಾರೆ. ಏನು ಮಾಡಲಿ?’

ಅಮ್ಮಾ, ಆಳು ಸದ್ಯಕ್ಕೆ ಬೇಡವೆನ್ನಿ. ಅದು ಕುಟ್ರು ಹಕ್ಕಿ. ಮರಕುಟಿಗಕ್ಕೆ ದಾಯಾದಿ ಹೌದು. ಕಾಲಿನ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ ಇರುವುದು ಎರಡಕ್ಕೂ ಒಂದೇ. ಆದರೆ ಮರಕುಟಿಗ ಹುಳಕ್ಕಾಗಿಯೂ ಕುಟ್ಟುತ್ತದೆ, ಇದು ಕುಟ್ಟುವುದು ಮನೆ ಕಟ್ಟಲು. ಗಟ್ಟಿ ಮರದ ಗೋಜಿಗೆ ಹೋಗದೆ ಒಣಗಿ ಮೆದುವಾದ ಕೊಂಬೆಯನ್ನೇ ಹುಡುಕುತ್ತದೆ. ಎಂದರೆ ನಿಮ್ಮ ಕೊಂಬೆ ಮೊದಲು ಸತ್ತಿತು, ಹಕ್ಕಿ ಆಮೇಲೆ ಬಂತು.

ಊಟ ಬಹುಪಾಲು ಹಣ್ಣು: ಆಲ, ಅರಳಿ, ಗೋಣಿ, ನಿಮ್ಮ ಬೀದಿಯಲ್ಲಿದ್ದರೆ ಗಸಗಸೆ ಹಣ್ಣು. ಅತ್ತಿ ಹಣ್ಣು ಒಡೆದರೆ ಬರೀ ಹುಳ ಎಂದು ನಾವು ಮೂಗು ಮುರಿಯುತ್ತೇವೆ, ಕುಟ್ರುವಿಗೆ ಆ ತಕರಾರಿಲ್ಲ. ತಿಂದ ಬೀಜ ಹಿಕ್ಕೆಯಲ್ಲಿ ಎಲ್ಲೋ ಬಿದ್ದು ಮೊಳೆಯುತ್ತದೆ. ನಮ್ಮ ಕಚೇರಿ ತಾರಸಿಯ ಬಿರುಕಿನಲ್ಲಿ ಗೇಣುದ್ದ ಅರಳಿ ಸಸಿ ಎದ್ದಿದೆ. ಇದರದೇ ಕೆಲಸವೆಂದು ನನ್ನ ಗುಮಾನಿ (ಕಾಗೆಯನ್ನೂ ಪೂರ್ತಿ ಬಿಟ್ಟಿಲ್ಲ). ಪಶ್ಚಿಮಘಟ್ಟದ ಕಾಡು ಇದರ ತವರು, ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲ. ಆದರೂ ಕಬ್ಬನ್ ಪಾರ್ಕು, ಲಾಲ್‌ಬಾಗುಗಳಲ್ಲಿ ನಮ್ಮೂರಿನದೇ ಎಂಬಂತೆ ಇದೆ. ಇನ್ನೂ ಬಣ್ಣ ಬೇಕೆಂದರೆ ಇದರ ಕಿರಿಯ ನೆಂಟ ಕಂಚುಕುಟಿಗವನ್ನು ನೋಡಿ: ಕೆಂಪು ಹಣೆ, ಹಳದಿ ಕೊರಳು, ಪಾತ್ರೆ ತಟ್ಟಿದಂಥ ಟಂಕ್ ಟಂಕ್.

ಕೂಗಿಗೆ ಮದ್ದಿಲ್ಲ. ಟ್ರ್‌ರ್‌ರ್ ಎಂದು ಗಂಟಲು ಸರಿಮಾಡಿಕೊಂಡು ಕುಟ್ರು ಕುಟ್ರು ಶುರುವಾದರೆ, ಇದು ನಿಲ್ಲಿಸುವಷ್ಟರಲ್ಲಿ ಆಚೆ ಮರದ್ದು ಎತ್ತಿಕೊಳ್ಳುತ್ತದೆ.

ಇನ್ನು ಲೆಕ್ಕ. ಗೂಡು ಕೊರೆಯಲು ಸುಮಾರು 20 ದಿನ, ನಾಲ್ಕೈದು ದಿನ ಬಿಟ್ಟು ಸಾಮಾನ್ಯವಾಗಿ ಮೂರು ಮೊಟ್ಟೆ. ಕಾವು 14-15 ದಿನ. ಹಗಲು ಗಂಡು-ಹೆಣ್ಣು ಸರದಿ, ರಾತ್ರಿ ಹೆಣ್ಣೊಂದೇ. ಮರಿ ಹೊರಬೀಳಲು ಮತ್ತೆ 36-38 ದಿನ. ಸಂಕ್ರಾಂತಿಯಿಂದ ಎಣಿಸಿದರೆ ಏಪ್ರಿಲ್ ಮೊದಲ ವಾರವಾದೀತು. ಅಲ್ಲಿಯವರೆಗೆ ಯಜಮಾನರನ್ನು ಬಾಲ್ಕನಿಯಲ್ಲಿ ಕಾಫಿ ಕೊಟ್ಟು ಕೂರಿಸಿ; ಮೊಟ್ಟೆಗೆ ಹೊಂಚುವ ಅಳಿಲನ್ನು ಜೋಡಿ ಅಟ್ಟಾಡಿಸುವುದು ನೋಡುವಂತಿರುತ್ತದೆ. ಆಮೇಲೂ ಕೊಂಬೆ ತೆಗೆಸಲೇಬೇಕೆಂದರೆ ಪಾಲಿಕೆಯ ಅರಣ್ಯ ವಿಭಾಗದವರನ್ನು ಕೇಳಿ, ಬೀದಿ ಮರಕ್ಕೆ ನಾವಾಗಿ ಕೊಡಲಿ ಹಾಕುವಂತಿಲ್ಲ.

ಒಣಕೊಂಬೆಯಲ್ಲವೇ, ಅಷ್ಟು ದಿನ ಸ್ಕೂಟರ್ ಮಾತ್ರ ಅದರ ಕೆಳಗೆ ನಿಲ್ಲಿಸಬೇಡಿ.